ಡಾಫ್ನಿಯಾ ಮೇಲೆ 48 ಗಂಟೆಯ ವಿಷಪರೀಕ್ಷೆ: ಬೀಕರಿನ ನೀರಲ್ಲಿ ನಿಜಕ್ಕೂ ಎಷ್ಟಿತ್ತು?

ಡಾಫ್ನಿಯಾ ಎಂದರೆ ಸಿಹಿನೀರಿನ ಪುಟ್ಟ ಕಠಿಣಚರ್ಮಿ ಪ್ರಾಣಿ. ಅದರ ಐದು ಮರಿಗಳಿರುವ ಬೀಕರನ್ನು ಮೆಲ್ಲಗೆ ಅಲುಗಿಸುವುದು, ಹದಿನೈದು ಸೆಕೆಂಡು ಕಾಯುವುದು, ಈಜದೆ ಉಳಿದವನ್ನು ಎಣಿಸುವುದು. ಸಿಹಿನೀರಿನ ಅಕಶೇರುಕಗಳಿಗೆ ಒಂದು ರಾಸಾಯನಿಕ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ಹಾನಿ ಮಾಡುತ್ತದೆ ಎಂದು ನೋಡುವ ಪರೀಕ್ಷೆಯ ಕೊನೆಯ ಕೆಲಸ ಇಷ್ಟೇ. ಸ್ವಲ್ಪ ಅಭ್ಯಾಸವಾದರೆ ಯಾರು ಬೇಕಾದರೂ ಎಣಿಸಬಹುದು. ಕಷ್ಟ ಇರುವುದು ಬೇರೆ ಕಡೆ: ಆ ಮರಿಗಳು 48 ಗಂಟೆ ಈಜಿದ ನೀರಿನಲ್ಲಿ ರಾಸಾಯನಿಕ ನಿಜಕ್ಕೂ ಎಷ್ಟಿತ್ತು? ಬಾಟಲಿ ಮೇಲೆ ಬರೆದಷ್ಟು ಇತ್ತೇ, ಅರ್ಧ ಗಾಜಿಗೆ ಅಂಟಿಕೊಂಡಿತ್ತೇ, ಗಾಳಿಗೆ ಹಾರಿಹೋಗಿತ್ತೇ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಇಸಿ50, ಅಂದರೆ ಅರ್ಧದಷ್ಟು ಮರಿಗಳನ್ನು ಈಜದಂತೆ ನಿಲ್ಲಿಸುವ ಸಾಂದ್ರತೆ, ಬರೀ ಒಂದು ಸಂಖ್ಯೆ. ಅದಕ್ಕೇ ಇಲ್ಲಿ ಪ್ರಾಣಿಗಳಿಗಿಂತ ನೀರಿನ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಇದಕ್ಕೆ ಬಹುತೇಕ ಎಲ್ಲ ಕಡೆ ಬಳಸುವ ವಿಧಾನ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ಪರೀಕ್ಷಾ ಮಾರ್ಗಸೂಚಿ. ಈಗ ಬಳಕೆಯಲ್ಲಿರುವುದು 2004ರ ಆವೃತ್ತಿ. ಐಎಸ್‌ಒ 6341 ಕೂಡ ಹೆಚ್ಚುಕಡಿಮೆ ಇದೇ ದಾರಿಯದು. ಹುಟ್ಟಿ 24 ಗಂಟೆಯೊಳಗಿನ ಡಾಫ್ನಿಯಾ ಮರಿಗಳನ್ನು ಕನಿಷ್ಠ ಐದು ಸಾಂದ್ರತೆಗಳಲ್ಲಿ 48 ಗಂಟೆ ಬಿಡಬೇಕು, 24ನೇ ಮತ್ತು 48ನೇ ಗಂಟೆಗೆ ಎಣಿಸಬೇಕು. ಪ್ರತಿ ಸಾಂದ್ರತೆಗೆ ಕನಿಷ್ಠ 20 ಮರಿ, ಐದೈದರಂತೆ ನಾಲ್ಕು ಬೀಕರುಗಳಲ್ಲಿ. ಒಂದು ಸಾಂದ್ರತೆಗೂ ಮುಂದಿನದಕ್ಕೂ ನಡುವೆ 2.2 ಪಟ್ಟಿಗಿಂತ ಹೆಚ್ಚಿನ ಅಂತರ ಇರಬಾರದು. ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲಿ ಬೇಕಾದರೂ ಇರಲಿ, ಆದರೆ ಒಂದೇ ಪರೀಕ್ಷೆಯೊಳಗೆ ಒಂದು ಡಿಗ್ರಿಗಿಂತ ಆಚೀಚೆ ಹೋಗಬಾರದು. ಬೆಳಕು 16 ಗಂಟೆ, ಕತ್ತಲೆ 8 ಗಂಟೆ. ಬೆಳಕಿಗೆ ಒಡೆಯುವ ವಸ್ತುವಾದರೆ ಪೂರ್ತಿ ಕತ್ತಲೆಯಲ್ಲೇ ಮಾಡಬಹುದು. ಆಹಾರ ಇಲ್ಲ, ಗಾಳಿ ಊದುವುದಿಲ್ಲ, ನಡುವೆ ಪಿಎಚ್ ಸರಿಪಡಿಸುವುದೂ ಇಲ್ಲ.

ಆಹಾರ ಯಾಕಿಲ್ಲ ಎಂದರೆ, ಹಾಕಿದ ಪಾಚಿ ರಾಸಾಯನಿಕವನ್ನು ಹೀರಿಕೊಂಡು ನೀರಿನಲ್ಲಿರುವ ಪ್ರಮಾಣವನ್ನೇ ಬದಲಿಸುತ್ತದೆ, ಜೊತೆಗೆ ಆಮ್ಲಜನಕವನ್ನೂ ತಿನ್ನುತ್ತದೆ. ಆರೋಗ್ಯವಂತ ಮರಿಗಳು ಎರಡು ದಿನ ಉಪವಾಸ ತಡೆಯುತ್ತವೆ. ತಡೆಯದಿದ್ದರೆ ತೊಂದರೆ ತಾಯಿಗಳಲ್ಲಿದೆ.

ಮೊದಲು ನೀರು ಮಾಡಿಕೊಳ್ಳುವುದು. ಐಎಸ್‌ಒ ನೀರಿಗೆ ನಾಲ್ಕು ಮೂಲದ್ರಾವಣ ಸಾಕು. ಪ್ರತಿಯೊಂದನ್ನೂ ಬೇರೆ ಬೇರೆ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಬೇಕು: ಎರಡು ಅಣು ನೀರಿರುವ ಕ್ಯಾಲ್ಸಿಯಂ ಕ್ಲೋರೈಡ್ 11.76 ಗ್ರಾಂ, ಏಳು ಅಣು ನೀರಿರುವ ಮೆಗ್ನೀಸಿಯಂ ಸಲ್ಫೇಟ್ 4.93 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 2.59 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.23 ಗ್ರಾಂ. ಒಂದು ಲೀಟರ್ ಪರೀಕ್ಷಾ ನೀರಿಗೆ ಇವುಗಳಲ್ಲಿ ತಲಾ 25 ಮಿ.ಲೀ. ಹತ್ತು ಲೀಟರಿಗೆ ತಲಾ 250 ಮಿ.ಲೀ. ಡಬ್ಬಿಯ ಮೇಲಿನ ಸ್ಫಟಿಕ ನೀರಿನ ಲೆಕ್ಕವನ್ನು ಓದದೆ ತೂಗಿದರೆ ಗಡಸುತನ ಅಲ್ಲೇ ತಪ್ಪುತ್ತದೆ. ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಆದರೆ 11.76 ಗ್ರಾಂ ತೀರಾ ಹೆಚ್ಚಾಯಿತು. ಇನ್ನೊಂದು, ನಾಲ್ಕೂ ಗಟ್ಟಿ ದ್ರಾವಣಗಳನ್ನು ಒಟ್ಟಿಗೆ ಸುರಿದು ಆಮೇಲೆ ನೀರು ಸೇರಿಸಬೇಡಿ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಗಟ್ಟಿಯಾಗಿರುವಾಗಲೇ ಸೇರಿದರೆ ಬಿಳಿ ಮಡ್ಡಿ ಕಟ್ಟುತ್ತದೆ. ಪಾತ್ರೆಯ ಮುಕ್ಕಾಲು ಭಾಗ ಶುದ್ಧ ನೀರು ತುಂಬಿ, ಕಲಕುತ್ತಾ ಒಂದೊಂದನ್ನೇ ಸೇರಿಸಿ, ಕೊನೆಗೆ ಅಳತೆಗೆ ತನ್ನಿ. ಸರಿಯಾಗಿ ಬಂದರೆ ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 250 ಮಿ.ಗ್ರಾಂ, ಪಿಎಚ್ 7.8ರ ಆಸುಪಾಸು. ಬಳಸುವ ಮುನ್ನ ಚೆನ್ನಾಗಿ ಗಾಳಿ ಊದಿ ಆಮ್ಲಜನಕ ತುಂಬಿಸಿ, ಪಿಎಚ್ ಅಲುಗಾಡದೆ ನಿಲ್ಲುವ ತನಕ ಬಿಡಿ. ಪರೀಕ್ಷೆಯ ಮಧ್ಯೆ ಪಿಎಚ್ ಏರಿತು ಎಂದು ಗೊಣಗುವವರಲ್ಲಿ ಹಲವರು ಈ ಹಂತವನ್ನು ಅವಸರದಲ್ಲಿ ಮುಗಿಸಿರುತ್ತಾರೆ.

ಲೋಹಗಳನ್ನು ಪರೀಕ್ಷಿಸುವಾಗ ಒಂದು ಎಚ್ಚರ. ಡಾಫ್ನಿಯಾ ಸಾಕಲು ಬಳಸುವ ಎಂ4, ಎಂ7 ಮಾಧ್ಯಮಗಳಲ್ಲಿ ಇಡಿಟಿಎ ಇರುತ್ತದೆ. ಅದು ತಾಮ್ರ, ಸತುವಿನಂಥ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಂಡು ಪ್ರಾಣಿಗೆ ತಟ್ಟದಂತೆ ಮಾಡುತ್ತದೆ. ಆ ನೀರಿನಲ್ಲೇ ಪರೀಕ್ಷೆ ಮಾಡಿದರೆ ವಿಷದ ವಸ್ತು ಸಾಧುವಾಗಿ ಕಾಣುತ್ತದೆ. ಹಾಗಾಗಿ ಲೋಹಕ್ಕೆ ಇಡಿಟಿಎ ಇಲ್ಲದ ನೀರೇ ಬೇಕು. ಸಾಕುವ ನೀರು ಬೇರೆ, ಪರೀಕ್ಷೆಯ ನೀರು ಬೇರೆ ಆಗಿದ್ದರೆ ತಾಯಿಗಳನ್ನು ಪರೀಕ್ಷೆಗೆ ಮೊದಲು ಕನಿಷ್ಠ 48 ಗಂಟೆ ಪರೀಕ್ಷೆಯ ನೀರಿನಲ್ಲಿ, ಅದೇ ಉಷ್ಣತೆಯಲ್ಲಿ ಇಟ್ಟು ಒಗ್ಗಿಸಬೇಕು.

ಇನ್ನು ಮರಿಗಳು. ಡಾಫ್ನಿಯಾ ಮ್ಯಾಗ್ನಾ 20 ಡಿಗ್ರಿಯಲ್ಲಿ ಹುಟ್ಟಿದ ಎಂಟು-ಹತ್ತು ದಿನಕ್ಕೆ ಮೊದಲ ಸಲ ಮರಿ ಹಾಕುತ್ತದೆ, ಆಮೇಲೆ ಸುಮಾರು ಮೂರು ದಿನಕ್ಕೊಮ್ಮೆ. ಮೊದಲ ಸೂಲಿನ ಮರಿಗಳನ್ನು ಬಳಸಬಾರದು. ಐದು ಸಾಂದ್ರತೆ ಮತ್ತು ರಾಸಾಯನಿಕ ಹಾಕದ ಒಂದು ಕಂಟ್ರೋಲ್ ಎಂದರೆ 120 ಮರಿ. ದ್ರಾವಕ ಬಳಸಿದರೆ ಅದರದ್ದೇ ಕಂಟ್ರೋಲ್ ಸೇರಿ 140. ಆರಿಸಿ ಬಿಡಲು ಇನ್ನಷ್ಟು ಕೈಯಲ್ಲಿರಬೇಕು. ಎಲ್ಲ ತಾಯಿಗಳೂ ಒಂದೇ ರಾತ್ರಿ ಮರಿ ಹಾಕುವುದಿಲ್ಲವಾದ್ದರಿಂದ, ಮರಿಚೀಲ ತುಂಬಿ ಒಳಗಿನ ಮರಿಗಳ ಕಪ್ಪು ಕಣ್ಣು ಕಾಣುತ್ತಿರುವ ಸುಮಾರು ಮೂವತ್ತು ತಾಯಿಗಳನ್ನು ಸಂಜೆ ಹೊಸ ನೀರಿಗೆ ಬಿಟ್ಟು, ಬೆಳಗ್ಗೆ ಮರಿಗಳನ್ನು ಸೋಸಿಕೊಳ್ಳುವುದು ಅನುಕೂಲ. ಹೀಗೆ ಮಾಡಿದರೆ ಮರಿಗಳ ವಯಸ್ಸಿನ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ಸಾಕಿದ ಗುಂಪಿನಲ್ಲಿ ಗಂಡುಗಳು ಕಾಣಿಸಿಕೊಂಡರೆ, ಬೆನ್ನ ಮೇಲೆ ತಡಿಯಂತೆ ಕಪ್ಪಾಗಿ ಕೂರುವ ಎಫಿಪಿಯಂ, ಅಂದರೆ ವಿಶ್ರಾಂತಿ ಮೊಟ್ಟೆಯ ಪೆಟ್ಟಿಗೆ ಬಂದರೆ, ಮೊದಲ ಸೂಲು ತಡವಾದರೆ, ಬಣ್ಣಗೆಟ್ಟರೆ, ಆ ಗುಂಪು ಕಷ್ಟದಲ್ಲಿದೆ ಎಂದರ್ಥ. ಇಕ್ಕಟ್ಟು, ಹಸಿವು, ಹಳೇ ನೀರು ಇದಕ್ಕೆ ಸಾಮಾನ್ಯ ಕಾರಣ. ಅಂಥ ಗುಂಪಿನ ಮರಿ ತೆಗೆದುಕೊಂಡು ಪರೀಕ್ಷೆ ಮಾಡುವುದಕ್ಕಿಂತ ಎರಡು ವಾರ ಕಾಯುವುದು ಮೇಲು.

ಮರಿಯನ್ನು ಸಾಗಿಸುವ ಪಿಪೆಟ್ಟಿನ ತುದಿ ಮರಿಗಿಂತ ಸಾಕಷ್ಟು ಅಗಲವಾಗಿರಲಿ, ಅಂಚು ಬೆಂಕಿಗೆ ಹಿಡಿದು ನುಣುಪಾಗಿಸಿದ್ದಿರಲಿ. ತುದಿಯನ್ನು ನೀರಿನೊಳಗೆ ಅದ್ದಿ ಮರಿಯನ್ನು ಮೆಲ್ಲಗೆ ಬಿಡಬೇಕು. ಮೇಲಿಂದ ಹನಿಯಾಗಿ ಬೀಳಿಸಿದರೆ ಚಿಪ್ಪಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು ಮರಿ ನೀರಿನ ಮೇಲೆ ತೇಲುತ್ತದೆ, ಮತ್ತೆ ಕೆಳಗಿಳಿಯಲು ಆಗದೆ ಒದ್ದಾಡುತ್ತದೆ. 48ನೇ ಗಂಟೆಗೆ ಅದನ್ನು ನೋಡಿದವರಿಗೆ ವಿಷದಿಂದ ಹೀಗಾಯಿತೋ ಗಾಳಿಯಿಂದಲೋ ಗೊತ್ತಾಗುವುದಿಲ್ಲ. ಪಿಪೆಟ್ಟಿನಲ್ಲಿ ಮರಿಯ ಜೊತೆ ಬರುವ ನೀರಿಗೂ ಲೆಕ್ಕವಿದೆ. ಒಂದು ಮರಿಗೆ 0.1 ಮಿ.ಲೀ. ಬಂದರೂ ಐದಕ್ಕೆ 0.5 ಮಿ.ಲೀ. ವಿಧಾನ ಹೇಳುವ ಕನಿಷ್ಠ ಪ್ರಮಾಣ ಒಂದು ಪ್ರಾಣಿಗೆ 2 ಮಿ.ಲೀ., ಅಂದರೆ ಐದಕ್ಕೆ 10 ಮಿ.ಲೀ. ಅದರಲ್ಲಿ ಅರ್ಧ ಮಿ.ಲೀ. ಸೇರಿದರೆ ದ್ರಾವಣ ಶೇ 5ರಷ್ಟು ತೆಳುವಾಯಿತು. 50 ಮಿ.ಲೀ. ಇಟ್ಟರೆ ಶೇ 1 ಮಾತ್ರ. ವಸ್ತು ಸಾಕಷ್ಟಿದ್ದರೆ 100 ಮಿ.ಲೀ. ಬೀಕರಿನಲ್ಲಿ 50 ಮಿ.ಲೀ. ಇಡುವುದೇ ನನಗೆ ಸರಿ ಕಾಣುವುದು. ರಾಸಾಯನಿಕ ವಿಶ್ಲೇಷಣೆಗೆ ಮಾದರಿ ತೆಗೆಯಲೂ ಅಷ್ಟು ಬೇಕು.

ಸಾಂದ್ರತೆಗಳನ್ನು ಆರಿಸಲು ಮೊದಲು ಒಂದು ಸ್ಥೂಲ ಪರೀಕ್ಷೆ: ಲೀಟರಿಗೆ 0.1, 1, 10, 100 ಮಿ.ಗ್ರಾಂ, ಪ್ರತಿಯೊಂದಕ್ಕೂ ಐದು ಮರಿ. ಎಲ್ಲವೂ ಬದುಕುವ ಮಟ್ಟ ಮತ್ತು ಎಲ್ಲವೂ ನಿಲ್ಲುವ ಮಟ್ಟ ಸಿಕ್ಕಿದರೆ ಐದು ಸಾಂದ್ರತೆಗಳನ್ನು ಆ ನಡುವೆ ಹರಡಿ. ಲೀಟರಿಗೆ 100 ಮಿ.ಗ್ರಾಂನಲ್ಲೂ ಏನೂ ಆಗದಿದ್ದರೆ ಆ ಒಂದೇ ಮಟ್ಟದಲ್ಲಿ ಮಿತಿ ಪರೀಕ್ಷೆ ಮಾಡಿ, ಇಸಿ50 ಅದಕ್ಕಿಂತ ಹೆಚ್ಚು ಎಂದು ತೋರಿಸಿದರೆ ಸಾಕು.

ಮರಿಗಳ ಸೂಕ್ಷ್ಮತೆ ಸರಿಯಿದೆಯೇ ಎಂದು ನೋಡಲು ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತಾರೆ. 100 ಮಿ.ಗ್ರಾಂ ತೂಗಿ ಒಂದು ಲೀಟರಿನಲ್ಲಿ ಕರಗಿಸಿ. ಇದರಿಂದ 0.32, 0.56, 1.0, 1.8, 3.2 ಮಿ.ಲೀ. ತೆಗೆದು ಪ್ರತಿಯೊಂದನ್ನೂ 100 ಮಿ.ಲೀ.ಗೆ ತಂದರೆ ಲೀಟರಿಗೆ ಅಷ್ಟಷ್ಟೇ ಮಿ.ಗ್ರಾಂ ಬರುತ್ತದೆ, ಬೇರೆ ಲೆಕ್ಕ ಹಾಕುವ ಕೆಲಸವೇ ಇಲ್ಲ. 24 ಗಂಟೆಯ ಇಸಿ50 0.6ರಿಂದ 2.1 ಮಿ.ಗ್ರಾಂ ನಡುವೆ ಬರಬೇಕು. ಒಂದು ಸಲ ಒಳಗೆ ಬಂತೆಂದು ಸುಮ್ಮನಾಗಬೇಡಿ. ಪ್ರತಿ ಸಲದ ಫಲಿತಾಂಶವನ್ನು ಒಂದು ಪಟದಲ್ಲಿ ಗುರುತಿಸುತ್ತಾ ಹೋಗಿ. ಮಿತಿಯೊಳಗೇ ಇದ್ದರೂ ಸತತವಾಗಿ ಒಂದೇ ಕಡೆಗೆ ಜಾರುತ್ತಿದ್ದರೆ ಸಾಕುವ ನೀರಿನಲ್ಲೋ ಆಹಾರದಲ್ಲೋ ಏನೋ ಬದಲಾಗಿದೆ. ಇದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಪುಡಿ ತೂಗುವಾಗ ಕೈಗವಸು ಮತ್ತು ಫ್ಯೂಮ್ ಹುಡ್ ಬೇಕೇ ಬೇಕು, ಉಳಿದ ದ್ರಾವಣ ಸಿಂಕಿಗೆ ಹೋಗಕೂಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀರಿನಲ್ಲಿ ಚೆನ್ನಾಗಿ ಕರಗಿ, ಸುಮ್ಮನೆ ಉಳಿಯುವ ವಸ್ತುವಾದರೆ ಈ ಪರೀಕ್ಷೆ ಸಲೀಸು. ಆದರೆ ಪರೀಕ್ಷೆಗೆ ಬರುವ ಎಷ್ಟೋ ವಸ್ತುಗಳು ಹಾಗಿರುವುದಿಲ್ಲ.

ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನೇ ತೆಗೆದುಕೊಳ್ಳಿ. ಅವಕ್ಕೆ ನೀರೆಂದರೆ ಆಗದು, ಸಿಕ್ಕ ಮೈಗೆ ಅಂಟುತ್ತವೆ: ಪ್ಲಾಸ್ಟಿಕ್, ಗಾಜು, ಪಿಪೆಟ್ಟಿನ ಒಳಗೋಡೆ. ಪ್ಲಾಸ್ಟಿಕ್ ಅನ್ನು ಪೂರ್ತಿ ದೂರವಿಡಿ, ಗಾಜನ್ನೇ ಬಳಸಿ. ಆಯಾ ಸಾಂದ್ರತೆಯ ದ್ರಾವಣವನ್ನು ಬೀಕರಿನಲ್ಲಿ ಒಮ್ಮೆ ತುಂಬಿಟ್ಟು, ಅದನ್ನು ಚೆಲ್ಲಿ, ಪರೀಕ್ಷೆ ಶುರುವಾಗುವಾಗ ಹೊಸ ದ್ರಾವಣ ತುಂಬಿದರೆ ಅಂಟುವಷ್ಟು ಮೊದಲೇ ಅಂಟಿ ಮುಗಿದಿರುತ್ತದೆ. ಆಗಲೂ ಪ್ರಮಾಣ ನಿಲ್ಲದಿದ್ದರೆ 24ನೇ ಗಂಟೆಗೆ ಎಣಿಸಿದ ಮೇಲೆ ಮರಿಗಳನ್ನು ಹೊಸ ದ್ರಾವಣಕ್ಕೆ ದಾಟಿಸಿ. ಗಾಳಿಗೆ ಹಾರುವ ವಸ್ತುವಾದರೆ ಬೀಕರ್ ಬೇಡ. ಗಾಳಿಗೆ ಜಾಗವೇ ಇಲ್ಲದಂತೆ ತುಂಬಿ ಮುಚ್ಚಳ ಬಿಗಿಯುವ ಗಾಜಿನ ಸೀಸೆ ಬೇಕು. ಆಗ ಆಮ್ಲಜನಕದ ಮೇಲೆ ಇನ್ನೂ ಹೆಚ್ಚಿನ ಗಮನವಿರಲಿ.

ಕರಗದ ವಸ್ತುವನ್ನು ಕರಗಿಸಲು ಅಸಿಟೋನಿನಂಥ ದ್ರಾವಕ ಬಳಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಅಗತ್ಯವಿದ್ದರೆ ಮಾತ್ರ ಬಳಸಿ, ಲೀಟರಿಗೆ 0.1 ಮಿ.ಲೀ. ಮೀರಬೇಡಿ, ಎಲ್ಲ ಸಾಂದ್ರತೆಗಳಲ್ಲೂ ಒಂದೇ ಪ್ರಮಾಣ ಇರಲಿ. ದ್ರಾವಕ ವಸ್ತುವನ್ನು ಹಂಚಲು ನೆರವಾಗುತ್ತದೆ ಅಷ್ಟೇ, ನೀರಿನಲ್ಲಿ ಅದು ಕರಗುವ ಮಿತಿಯನ್ನು ಏರಿಸುವುದಿಲ್ಲ. ಆ ಮಿತಿ ದಾಟಿ ಹಾಕಿದರೆ ವಸ್ತು ಸಣ್ಣ ಹನಿಗಳಾಗಿ, ಕಣಗಳಾಗಿ ತೇಲುತ್ತದೆ. ಡಾಫ್ನಿಯಾ ನೀರನ್ನು ಸೋಸಿ ತಿನ್ನುವ ಪ್ರಾಣಿ. ಆ ಕಣಗಳು ಅದರ ಕಾಲುಗಳಿಗೆ, ಕೊಂಬುಗಳಿಗೆ (ಅಂದರೆ ಆಂಟೆನಾಗಳಿಗೆ) ಮೆತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಆಗ ನೀವು ಅಳೆದದ್ದು ವಿಷವನ್ನಲ್ಲ, ಮೆತ್ತುವಿಕೆಯನ್ನು. ದ್ರಾವಣದ ಮೇಲೆ ಎಣ್ಣೆಯ ಮಿನುಗು ಇದೆಯೇ, ತಳದಲ್ಲಿ ಮಡ್ಡಿ ಇದೆಯೇ ಎಂದು ಬದಿಯಿಂದ ಬೆಳಕು ಹಾಯಿಸಿ ನೋಡಿ ಬರೆದಿಡಿ.

ಪಿಎಚ್ ಜೊತೆ ವೇಷ ಬದಲಿಸುವ ವಸ್ತುಗಳದ್ದು ಇನ್ನೊಂದು ಕಥೆ. ಅಮೋನಿಯಾದಲ್ಲಿ ಪ್ರಾಣಿಗೆ ಹೆಚ್ಚು ಹಾನಿ ಮಾಡುವುದು ಅಯಾನಾಗದ ರೂಪ. 20 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಆ ರೂಪ ಸುಮಾರು ಶೇ 0.4. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇ 4. ಒಟ್ಟು ಪ್ರಮಾಣ ಒಂದಿಷ್ಟೂ ಬದಲಾಗದೆ ವಿಷ ಹತ್ತು ಪಟ್ಟಾಯಿತು. ಪರೀಕ್ಷೆಯೊಳಗೆ ಪಿಎಚ್ 1.5ಕ್ಕಿಂತ ಹೆಚ್ಚು ಬದಲಾಗಬಾರದು ಎನ್ನುತ್ತದೆ ವಿಧಾನ. ಇಂಥ ವಸ್ತುಗಳಿಗೆ ಆ ಸಡಿಲು ಬಹಳ ದೊಡ್ಡದು. ಪಿಎಚ್, ಆಮ್ಲಜನಕಗಳನ್ನು ಶುರುವಿನಲ್ಲೂ ಕೊನೆಯಲ್ಲೂ, ಕನಿಷ್ಠ ಕಂಟ್ರೋಲಿನಲ್ಲೂ ಅತಿ ಹೆಚ್ಚಿನ ಸಾಂದ್ರತೆಯಲ್ಲೂ ಅಳೆಯಬೇಕು. ಮೀಟರಿನ ಕಡ್ಡಿಯನ್ನು ಮರಿಗಳಿರುವ ಬೀಕರಿಗೆ ಶುರುವಿನಲ್ಲೇ ಇಳಿಸಬೇಡಿ. ಉಳಿದ ದ್ರಾವಣದಲ್ಲಿ ಅಳೆಯಿರಿ. ಕೊನೆಯ ಅಳತೆ ಎಣಿಕೆ ಮುಗಿದ ಮೇಲೆ.

ಎಣಿಸುವಾಗ ಬೀಕರನ್ನು ಕಪ್ಪು ಕಾಗದದ ಮುಂದೆ ಹಿಡಿದು, ಬದಿಯಿಂದ ಬೆಳಕು ಬಿಟ್ಟರೆ ಮರಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಒಂದು ಸುತ್ತು ಮೆಲ್ಲಗೆ ತಿರುಗಿಸಿ, ನೀರಿನ ಸುಳಿ ನಿಂತ ಮೇಲೆ ನೋಡಬೇಕು. ಸುಳಿಯ ಜೊತೆ ತಿರುಗುವ ನಿಶ್ಚಲ ಮರಿ ಈಜುತ್ತಿರುವಂತೆಯೇ ಕಾಣಿಸುತ್ತದೆ. 15 ಸೆಕೆಂಡಿನೊಳಗೆ ಈಜದಿದ್ದರೆ ಅದು ನಿಶ್ಚಲ. ತಳದಲ್ಲಿ ಮಲಗಿ ಕೊಂಬು ಆಡಿಸುತ್ತಿದ್ದರೂ, ಸೂಕ್ಷ್ಮದರ್ಶಕದಲ್ಲಿ ಎದೆ ಬಡಿಯುವುದು ಕಂಡರೂ ನಿಶ್ಚಲವೇ. ಸಾವು ಯಾವಾಗ ಆಯಿತೆಂದು ಇಷ್ಟು ಚಿಕ್ಕ ಪ್ರಾಣಿಯಲ್ಲಿ ನಿಖರವಾಗಿ ಹೇಳಲಾಗದು ಎಂದೇ ಎಲ್‌ಸಿ50 (ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆ) ಬದಲು ಇಸಿ50 ಎನ್ನುವುದು. ಯಾವ ಬೀಕರಿನಲ್ಲಿ ಯಾವ ಸಾಂದ್ರತೆ ಎಂದು ಎಣಿಸುವವರಿಗೆ ಗೊತ್ತಿಲ್ಲದಂತೆ ಸಂಕೇತ ಬರೆದು, ಬೀಕರುಗಳನ್ನು ಕಲಸಿ ಜೋಡಿಸುವುದು ಒಳ್ಳೆಯದು. ಹೆಚ್ಚಿನ ಸಾಂದ್ರತೆ ಎಂದು ಗೊತ್ತಿದ್ದರೆ ಕಣ್ಣು ಹದಿನೈದು ಸೆಕೆಂಡು ಕಾಯುವುದಿಲ್ಲ.

ಕಂಟ್ರೋಲಿನ 20ರಲ್ಲಿ ಎರಡಕ್ಕಿಂತ ಹೆಚ್ಚು ಮರಿ ನಿಶ್ಚಲವಾದರೆ, ಮೇಲ್ಮೈಯಲ್ಲಿ ಸಿಕ್ಕಿಕೊಂಡರೆ ಅಥವಾ ಬಣ್ಣಗೆಟ್ಟರೆ ಪರೀಕ್ಷೆ ಅಮಾನ್ಯ. ಕೊನೆಯಲ್ಲಿ ಯಾವುದೇ ಬೀಕರಿನಲ್ಲಿ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಕಡಿಮೆಯಾದರೂ ಅಮಾನ್ಯ. ಕಂಟ್ರೋಲ್ ಕೆಟ್ಟರೆ ಮೊದಲು ಅನುಮಾನಿಸಬೇಕಾದ್ದು ಗಾಜಿನ ಮೇಲೆ ಉಳಿದ ಸೋಪು, ಹಿಂದಿನ ಪರೀಕ್ಷೆಯ ಅಂಟು, ನೀರಿನ ದಾರಿಯಲ್ಲೆಲ್ಲೋ ಇರುವ ತಾಮ್ರ ಅಥವಾ ಹಿತ್ತಾಳೆ. ತಾಮ್ರ ಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ಇದ್ದರೂ ಈ ಮರಿಗಳಿಗೆ ಸಾಕು. ಸಾವಯವ ವಸ್ತುಗಳ ಅಂಟಿಗೆ ಅಸಿಟೋನ್, ಲೋಹಕ್ಕೆ ಶೇ 10ರ ನೈಟ್ರಿಕ್ ಆಮ್ಲ, ಆಮೇಲೆ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸುವುದು. ಎರಡನ್ನೂ ಒಟ್ಟಿಗೆ ಸೇರಲು ಬಿಡಬೇಡಿ. ಅಸಿಟೋನ್ ಮತ್ತು ನೈಟ್ರಿಕ್ ಆಮ್ಲ ಸೇರಿದರೆ ಅಪಾಯ. ಒಂದಾದ ಮೇಲೆ ನೀರಿನಲ್ಲಿ ಪೂರ್ತಿ ತೊಳೆದೇ ಇನ್ನೊಂದು.

ಡಾಫ್ನಿಯಾಗೆ ಏನೂ ಆಗಲಿಲ್ಲವೆಂದರೆ ಎಲ್ಲ ಅಕಶೇರುಕಗಳೂ ಕ್ಷೇಮ ಎಂದಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಡಾಫ್ನಿಯಾ ಮ್ಯಾಗ್ನಾವನ್ನು ನಿಲ್ಲಿಸಲು ಲೀಟರಿಗೆ ಹತ್ತಾರು ಮಿ.ಗ್ರಾಂ ಬೇಕು, ಕೈರೊನೊಮಸ್ ನೊಣದ ಮರಿಹುಳುಗಳಿಗೆ ಮೈಕ್ರೋಗ್ರಾಂ ಲೆಕ್ಕದಲ್ಲೇ ಸಾಕು. ಕೀಟದ ನರಗಳನ್ನು ಗುರಿಯಾಗಿಟ್ಟು ಮಾಡಿದ ವಸ್ತುವಾದರೆ ಮೊದಲ ಹಂತದ ಕೈರೊನೊಮಸ್ ಮರಿಹುಳುಗಳ ಮೇಲೆ 48 ಗಂಟೆ ನಡೆಸುವ ಒಇಸಿಡಿ 235 ಕೂಡ ಮಾಡಲೇಬೇಕೆಂದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಲೆಕ್ಕ. ಉದಾಹರಣೆಗೆಂದು ಊಹಿಸಿಕೊಳ್ಳಿ: 0.25, 0.5, 1, 2, 4 ಮಿ.ಗ್ರಾಂ ಸಾಂದ್ರತೆಗಳಲ್ಲಿ ಇಪ್ಪತ್ತಕ್ಕೆ ಕ್ರಮವಾಗಿ 0, 2, 9, 17, 20 ಮರಿ ನಿಶ್ಚಲವಾದವು. ಕೆಳಗೆ ಸೊನ್ನೆ, ಮೇಲೆ ನೂರು, ನಡುವೆ ಕ್ರಮವಾಗಿ ಏರಿಕೆ ಇರುವುದರಿಂದ ಸ್ಪಿಯರ್ಮನ್-ಕಾರ್ಬರ್ ವಿಧಾನ ಕೈಲೆಕ್ಕದಲ್ಲೇ ಆಗುತ್ತದೆ. ಪಕ್ಕಪಕ್ಕದ ಎರಡು ಸಾಂದ್ರತೆಗಳ ಲಾಗ್ ಸರಾಸರಿಯನ್ನು ಅವುಗಳ ನಡುವೆ ಹೆಚ್ಚಾದ ನಿಶ್ಚಲ ಪಾಲಿನಿಂದ ಗುಣಿಸಿ, ಎಲ್ಲವನ್ನೂ ಕೂಡಬೇಕು: 0.10 ಗುಣಿಸು −0.4515, 0.35 ಗುಣಿಸು −0.1505, 0.40 ಗುಣಿಸು 0.1505, 0.15 ಗುಣಿಸು 0.4515. ಮೊತ್ತ 0.0301. ಇದರ ಪ್ರತಿಲಾಗ್ 1.07. ಶೇ 95ರ ವಿಶ್ವಾಸ ಮಿತಿ ಸುಮಾರು 0.87ರಿಂದ 1.33.

ಜಿಎಚ್‌ಎಸ್ ಎಂಬ ಜಾಗತಿಕ ರಾಸಾಯನಿಕ ಅಪಾಯ ವರ್ಗೀಕರಣದಲ್ಲಿ ಡಾಫ್ನಿಯಾದಂಥ ಕಠಿಣಚರ್ಮಿಗಳ 48 ಗಂಟೆಯ ಇಸಿ50 ಲೀಟರಿಗೆ 1 ಮಿ.ಗ್ರಾಂ ಅಥವಾ ಕಡಿಮೆಯಿದ್ದರೆ ತೀವ್ರ ವಿಷತ್ವದ ಮೊದಲ ವರ್ಗ, 1ಕ್ಕಿಂತ ಹೆಚ್ಚಾಗಿ 10ರವರೆಗೆ ಎರಡನೆಯದು. 1.07 ಎಂದರೆ ಎರಡನೇ ವರ್ಗ. ಆದರೆ ಇದು ಹಾಕಿದ ಲೆಕ್ಕದ ಮೇಲೆ ಬಂದ ಸಂಖ್ಯೆ. ವಿಶ್ಲೇಷಣೆಯಲ್ಲಿ ಎಲ್ಲ ಸಾಂದ್ರತೆಗಳೂ ಶುರುವಿನಲ್ಲಿ ನೂರಕ್ಕೆ ನೂರು, 48ನೇ ಗಂಟೆಗೆ ಶೇ 60 ಎಂದು ಬಂದಿತೆನ್ನಿ. ಹಾಕಿದ ಪ್ರಮಾಣದ ಮೇಲೆಯೇ ಫಲಿತಾಂಶ ಕೊಡಲು ಶೇ 20ರಷ್ಟು ಏರುಪೇರಿಗೆ ಮಾತ್ರ ಅವಕಾಶ, ಇದು ಅದನ್ನು ಮೀರಿತು. ಆಗ ಅಳೆದ ಪ್ರಮಾಣದ ಸರಾಸರಿಯ ಮೇಲೆ ಹೋಗಬೇಕು. 100 ಮತ್ತು 60ರ ಗುಣೋತ್ತರ ಸರಾಸರಿ 77.5. ಇಸಿ50 ಈಗ 0.83 ಮಿ.ಗ್ರಾಂ, ವಸ್ತು ಮೊದಲ ವರ್ಗಕ್ಕೆ ಸೇರಿತು. ಮರಿಗಳ ಎಣಿಕೆಯಲ್ಲಿ ಒಂದೂ ಬದಲಾಗಿಲ್ಲ.

ಹಾಗಾಗಿ ಕನಿಷ್ಠ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಸಾಂದ್ರತೆಗಳನ್ನಾದರೂ ಶುರುವಿನಲ್ಲಿ, ಕೊನೆಯಲ್ಲಿ ಅಳೆಯಿರಿ. ಅನುಮಾನದ ವಸ್ತುವಾದರೆ ಐದನ್ನೂ ಅಳೆಯಿರಿ. ಮಾದರಿಯನ್ನು ಬೀಕರಿನ ನಡುಭಾಗದಿಂದ ತೆಗೆದು, ಅಂಟುವ ವಸ್ತುವಾದರೆ ಸೀಸೆಗೆ ಹಾಕಿದ ಕೂಡಲೇ ಅದರೊಳಗೇ ದ್ರಾವಕ ಸೇರಿಸಿ, ಮಾದರಿ ಸೀಸೆಯ ಗೋಡೆಗೂ ಅದು ಅಂಟದಿರಲಿ. ವರದಿಯಲ್ಲಿ ಇಸಿ50 ಪಕ್ಕದಲ್ಲೇ ಅದು ಹಾಕಿದ ಪ್ರಮಾಣದ್ದೋ ಅಳೆದ ಪ್ರಮಾಣದ್ದೋ, ವಿಶ್ವಾಸ ಮಿತಿ ಎಷ್ಟು, ನೀರಿನ ಗಡಸುತನ ಮತ್ತು ಪಿಎಚ್ ಎಷ್ಟು ಎಂದು ಅದೇ ಸಾಲಿನಲ್ಲಿ ಬರೆಯಿರಿ, ಅನುಬಂಧದಲ್ಲಿ ಅಡಗಿಸಬೇಡಿ.